ಕೋರಣ್ಯದ ಹಾಡಿಗೆ ಕಾಸೆಷ್ಟು?

ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆಯ ಹಳ್ಳಿಗಳಲ್ಲಿ ಹಾಡು ಎಂದೂ ಪುಕ್ಕಟೆಯದಾಗಿರಲಿಲ್ಲ. ಮಲೆ ಮಹದೇಶ್ವರನ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡ ಹೆಗಲಿಗೆ ಜೋಳಿಗೆ ತೂಗುಹಾಕಿಕೊಂಡು, ಕೈಯಲ್ಲಿ ಕಂಸಾಳೆ ಹಿಡಿದು ಮನೆ ಬಾಗಿಲಿಗೆ ಬರುತ್ತಿದ್ದ. ಮಾದಪ್ಪನ ಪದ ಹೇಳುತ್ತಿದ್ದ. ಮನೆಯಾಕೆ ಮೊರದಲ್ಲಿ ರಾಗಿಯನ್ನೋ ಅಕ್ಕಿಯನ್ನೋ ತಂದು ಜೋಳಿಗೆಗೆ ಸುರಿಯುತ್ತಿದ್ದಳು. ಈ ಭಿಕ್ಷೆಗೆ ಅಲ್ಲಿನ ಮಾತಿನಲ್ಲಿ ‘ಕೋರಣ್ಯ’ ಎನ್ನುತ್ತಾರೆ. ಹಾಡಿದವನಿಗೂ ಕೇಳಿದವಳಿಗೂ ನಡುವೆ ಇದ್ದದ್ದು ಹೊಸ್ತಿಲು ಒಂದೇ. ಕೊಟ್ಟ ಬೆಲೆ ಯಾರಿಗೆ ಸಂದಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಅದೇ ಪದಗಳು ಇಂದು ಬೇರೆ ಬೇರೆ ವೇಷದಲ್ಲಿ ಕೇಳಿಬರುತ್ತಿವೆ. ಕ್ಯಾಸೆಟ್ಟಿನಲ್ಲಿ ಬಂದವು, ಸಿನಿಮಾದಲ್ಲಿ ಬಂದವು, ಗಿಟಾರು-ಡ್ರಮ್ಮಿನ ಜೊತೆ ವೇದಿಕೆ ಏರಿದವು, ರ‍್ಯಾಪ್ ಗಾಯಕರ ಬಾಯಲ್ಲೂ ಹೊರಳಿದವು. ಹಳೆಯ ಜನಪ್ರಿಯ ಹಾಡಿಗೆ ಹೊಸ ತಾಳ ಕಟ್ಟಿದ ಇಂಥ ‘ರೀಮಿಕ್ಸ್’ಗಳನ್ನು ಕಾಸು ಕೊಟ್ಟು ಕೊಳ್ಳಬೇಕೆ ಎಂಬ ಪ್ರಶ್ನೆ ಕ್ಯಾಸೆಟ್ ಕಾಲದಿಂದಲೂ ಇದೆ. ಕೆಲವರು ಅದನ್ನು ಅಪಚಾರ ಎನ್ನುತ್ತಾರೆ, ಕೆಲವರು ಕಾಲಧರ್ಮ ಎನ್ನುತ್ತಾರೆ. ಈ ಎರಡು ಮಾತಿನ ನಡುವೆ ಒಂದು ಸರಳ ಪ್ರಶ್ನೆ ಮರೆತುಹೋಗುತ್ತದೆ: ಕೊಳ್ಳುವವನ ಕೈಗೆ ಬರುವುದೇನು, ಅವನ ಕಾಸು ಹೋಗುವುದೆಲ್ಲಿಗೆ? ಚಾಮರಾಜನಗರ ಸೀಮೆಯ ಒಂದೆರಡು ಹಾಡುಗಳ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ.

ಎಪ್ಪತ್ತೇಳು ಮಲೆಯ ಕಾವ್ಯ

ಮಾದಪ್ಪನ ಪದಗಳು ಬಿಡಿ ಹಾಡುಗಳಲ್ಲ. ಅವು ಒಂದು ದೊಡ್ಡ ಕಾವ್ಯದ ತುಣುಕುಗಳು. ಹುಟ್ಟಿದ ಸಾಲು, ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು ಎಂದು ಕಾವ್ಯವನ್ನು ಗಾಯಕರು ಭಾಗ ಮಾಡಿಕೊಂಡಿದ್ದಾರೆ. ಒಂದು ಸಾಲು ಹೇಳಿ ಮುಗಿಸಲು ರಾತ್ರಿಯಿಡೀ ಬೇಕಾಗುವುದುಂಟು. ಮುಮ್ಮೇಳದವನು ಕಥೆ ಹೇಳುತ್ತ, ಹಾಡುತ್ತ, ನಡುವೆ ಮಾತಿಗಿಳಿಯುತ್ತ ಹೋಗುತ್ತಾನೆ. ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಎರಡು ಕಂಚು ತಾಗಿದಾಗ ಏಳುವ ನಾದವೇ ಇಡೀ ರಾತ್ರಿಯ ಲಯ. ಇದೇ ಸೀಮೆಯಲ್ಲಿ ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಾವ್ಯ ಹಾಡುವ ನೀಲಗಾರರು ತಂಬೂರಿ ಹಿಡಿದು ಚಿಕ್ಕಲ್ಲೂರು ಜಾತ್ರೆಗೆ ನಡೆಯುತ್ತಾರೆ.

ಈ ಕಾವ್ಯ ಅಚ್ಚಿಗೆ ಬಂದದ್ದು ತೀರ ಈಚೆಗೆ. ಡಾ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಲೆಯ ಮಾದೇಶ್ವರ ಕಾವ್ಯ 1973ರಲ್ಲಿ ಪ್ರಕಟವಾಯಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಹೊರತಂದಿತು. ಎರಡೂ ಪಾಠಗಳಲ್ಲಿ ಕಥೆ ಒಂದೇ ಆದರೂ ಮಾತು ಒಂದೇ ಅಲ್ಲ. ಗಾಯಕ ಬದಲಾದರೆ ಪಾಠವೂ ಬದಲಾಗುತ್ತದೆ. ಹೀಗಿರುವಾಗ ಇಲ್ಲಿ ‘ಮೂಲ ಹಾಡು’ ಎಂದು ತೋರಿಸಬಹುದಾದ ಒಂದು ಧ್ವನಿಮುದ್ರಣವೇ ಇಲ್ಲ. ಒಬ್ಬ ದೇವರಗುಡ್ಡ ತನ್ನ ಗುರುವಿನಿಂದ ಕಲಿತ ಪದಕ್ಕೆ ತನ್ನದೊಂದು ತಿರುವು ಸೇರಿಸಿದಾಗಲೂ ಅದು ಒಂದು ಬಗೆಯ ಮರುಮಿಶ್ರಣವೇ ಆಗಿತ್ತು. ಬದಲಾವಣೆ ಎಂಬುದೇ ಪಾಪ ಎನ್ನುವವರು ಈ ಸಂಗತಿಯನ್ನು ಗಮನಿಸಬೇಕು.

ಆದರೆ ಗಾಯಕ ಎಷ್ಟೇ ತಿರುವು ಕೊಟ್ಟರೂ ಬಿಟ್ಟುಕೊಡದ ಒಂದು ವಸ್ತುವಿತ್ತು. ಅದು ಕಥೆ. ಸಂಕಮ್ಮನ ಸಾಲನ್ನೇ ನೋಡಿ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಬರುವವರೆಗೆ ಶೀಲ ಕೆಡದೆ ಇರುತ್ತೇನೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ತಪ್ಪು ಮಾಡದವಳು ಆಣೆ ಏಕೆ ಇಡಬೇಕೆಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಹಿಂಸೆ ಕೊಟ್ಟು, ಅವಳನ್ನು ಕಟ್ಟಿಹಾಕಿ ಹೊರಟುಹೋಗುತ್ತಾನೆ. ಅವಳ ಮೊರೆ ಕೇಳಿ ಬರುವವನು ಮಾದಪ್ಪ. ಕೇಳುತ್ತ ಕುಳಿತ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದುದು ರಾಗಕ್ಕಲ್ಲ, ಈ ಸಂಗತಿಗೆ. ಹಳ್ಳಿಯ ಹೆಣ್ಣೊಬ್ಬಳು ಎಲ್ಲಿಯೂ ಹೇಳಿಕೊಳ್ಳಲಾಗದ ನೋವನ್ನು ದೇವರ ಹೆಸರಿನಲ್ಲಿ, ಊರಿನ ನಡುವೆ, ಗಂಡಸರ ಎದುರಿನಲ್ಲೇ ಹೇಳಿಬಿಡುವ ಕಾವ್ಯ ಅದು.

ಕ್ಯಾಸೆಟ್ ಬಂದ ಕಾಲ

ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಇಂಥ ಪದಗಳಿಗೆ ಹೆಚ್ಚು ಜಾಗವಿರಲಿಲ್ಲ. ತಟ್ಟೆಯೂ ದುಬಾರಿ, ಅದನ್ನು ಹಾಕುವ ಯಂತ್ರವೂ ದುಬಾರಿ. ಕ್ಯಾಸೆಟ್ ಬಂದ ಮೇಲೆ ಚಿತ್ರ ಬದಲಾಯಿತು. ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ, ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಬಂದಿತು; ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದು ಹೆಸರಾಯಿತು. ಭಾವಗೀತೆಯ ಹಿಂದೆಯೇ ಭಕ್ತಿಗೀತೆ, ಜನಪದ ಗೀತೆಗಳ ಸುರುಳಿಗಳು ಸಾಲುಗಟ್ಟಿದವು. ಮಾದಪ್ಪನ ಕಥೆ, ಸಿದ್ಧಪ್ಪಾಜಿಯ ಕಥೆ ಜಾತ್ರೆಯ ಅಂಗಡಿಗಳಲ್ಲಿ ಬಿಕರಿಯಾದವು. ಹಳ್ಳಿಯ ಗಾಯಕನ ಧ್ವನಿ ಮೊದಲ ಬಾರಿಗೆ ಅವನಿಲ್ಲದ ಊರಿಗೂ ಹೋಯಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಸುರುಳಿಗೆ ಒಂದು ಅಳತೆ ಇದೆ. ಒಂದು ಬದಿಗೆ ಅರ್ಧ ಗಂಟೆ. ರಾತ್ರಿಯಿಡೀ ನಡೆಯುವ ಸಾಲು ಅಷ್ಟರಲ್ಲಿ ಮುಗಿಯಬೇಕು, ಇಲ್ಲವೇ ಹಲವು ಸುರುಳಿಗಳಾಗಬೇಕು. ಹಾಗಾಗಿ ಕಥೆಯಿಂದ ಕಿತ್ತು ತೆಗೆದ ಇಂಪಾದ ಪದಗಳೇ ಮುಂದೆ ಬಂದವು. ಬಾಗಿಲಲ್ಲಿ ಕೊಡುತ್ತಿದ್ದ ಬೆಲೆಯ ದಾರಿಯೂ ಬದಲಾಯಿತು. ಮೊರದ ರಾಗಿ ಜೋಳಿಗೆಗೆ ಬೀಳುವ ಬದಲು ಕ್ಯಾಸೆಟ್ಟಿನ ಹಣ ಅಂಗಡಿಗೆ, ಅಂಗಡಿಯಿಂದ ಕಂಪನಿಗೆ ಹೋಗತೊಡಗಿತು. ಸ್ಟುಡಿಯೋದಲ್ಲಿ ಒಂದು ದಿನ ಹಾಡಿ ಒಂದು ಸಲ ಸಂಭಾವನೆ ಪಡೆದ ಗಾಯಕನಿಗೆ, ಸುರುಳಿ ಎಷ್ಟು ಮಾರಾಟವಾಯಿತೆಂಬ ಲೆಕ್ಕದ ಜೊತೆ ಸಂಬಂಧ ಉಳಿಯಲಿಲ್ಲ.

ಇದೇ ಕಾಲದಲ್ಲಿ ಹಿಂದಿ ಸಂಗೀತದಲ್ಲಿ ಇನ್ನೊಂದು ವ್ಯಾಪಾರ ಬೆಳೆಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಅವಕಾಶವಿತ್ತು: ಹಾಡೊಂದರ ಮೊದಲ ಧ್ವನಿಮುದ್ರಣವಾಗಿ ಎರಡು ವರ್ಷ ಕಳೆದ ಮೇಲೆ, ನೋಟಿಸು ಕೊಟ್ಟು, ಗೌರವಧನ ಕಟ್ಟಿ, ಬೇರೆ ಗಾಯಕರಿಂದ ಅದನ್ನು ಹಾಡಿಸಿ ಮಾರಬಹುದು. ಟಿ-ಸೀರೀಸ್‌ನ ಗುಲ್ಶನ್ ಕುಮಾರ್ ಈ ದಾರಿ ಹಿಡಿದು ಹಳೆಯ ಚಿತ್ರಗೀತೆಗಳನ್ನು ಹೊಸ ಗಾಯಕರ ಧ್ವನಿಯಲ್ಲಿ ಕಡಿಮೆ ಬೆಲೆಗೆ ಮಾರಿದರು. ಮುಂದೆ ಧ್ವನಿ ಮಾತ್ರವಲ್ಲ, ತಾಳವೂ ಬದಲಾಯಿತು. 1972ರ ‘ಸಮಾಧಿ’ ಚಿತ್ರದ ಆರ್.ಡಿ. ಬರ್ಮನ್ ಸಂಗೀತದ ಹಾಡೊಂದು 2002ರಲ್ಲಿ ‘ಕಾಂಟಾ ಲಗಾ’ ಎಂಬ ರೀಮಿಕ್ಸ್ ಆಗಿ ದೇಶವನ್ನೇ ಕುಣಿಸಿತು. ಅದರ ವಿಡಿಯೋ ಬಗ್ಗೆ ತಕರಾರುಗಳೂ ಎದ್ದವು. ಮೂಲ ಸೃಷ್ಟಿಕರ್ತರ ಅಸಮಾಧಾನ ಹೆಚ್ಚಿದಂತೆ 2012ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಎರಡು ವರ್ಷದ ಗಡುವು ಐದಕ್ಕೇರಿತು. ಹೀಗೆ ಪರವಾನಗಿ ಪಡೆದವರು ಹಾಡಿನಲ್ಲಿ ತಾಂತ್ರಿಕವಾಗಿ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಬದಲಾವಣೆಯನ್ನು ಒಪ್ಪಿಗೆಯಿಲ್ಲದೆ ಮಾಡಬಾರದು, ಮೂಲ ಮುದ್ರಣವೆಂದು ಜನ ಮೋಸಹೋಗುವಂತೆ ಹೊದಿಕೆ ಅಚ್ಚುಹಾಕಬಾರದು ಎಂಬ ಕಟ್ಟಳೆ ಬಂದಿತು.

ಒಂದು ಪದದ ಮೂರು ಅವತಾರ

ಜಂಗಮ ರೂಪದ ಮಾದಪ್ಪ ಕೋರಣ್ಯ ಬೇಡುತ್ತ ಮನೆ ಬಾಗಿಲಿಗೆ ಬರುವ ಪದ ‘ಕೋಲುಮಂಡೆ’. ಕಂಸಾಳೆಯವರ ಮೇಳದಲ್ಲಿ ಇದು ಹಳೆಯ ಪದ. 1996ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಇದನ್ನು ಅಳವಡಿಸಿದರು. ಹಾಡಿದವರು ಎಲ್.ಎನ್. ಶಾಸ್ತ್ರಿ, ಈ ಹಾಡಿಗಾಗಿ ಅವರಿಗೆ ರಾಜ್ಯ ಪ್ರಶಸ್ತಿ ಬಂದಿತು. ರಾಜ್‌ಕುಮಾರ್ ಅವರ ಮಗ ಶಿವರಾಜ್‌ಕುಮಾರ್ ನಾಯಕ. ಚಿತ್ರದ ಕಥೆಯ ಮೂಲ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯಾದರೂ, ಹಾಡಿನಿಂದಾಗಿ ಅದಕ್ಕೆ ಹಳೇ ಮೈಸೂರಿನ ಮಣ್ಣಿನ ವಾಸನೆ ಬಂದಿತು. ಮಲೆಯ ಹೆಸರು ಕೇಳದ ಉತ್ತರ ಕರ್ನಾಟಕದ, ಕರಾವಳಿಯ ಮನೆಗಳಿಗೂ ಪದ ಮುಟ್ಟಿತು. ಸಿನಿಮಾ ಕೂಡ ಹಾಡನ್ನು ಕೆಲವೇ ನಿಮಿಷಕ್ಕೆ ಕತ್ತರಿಸಿತ್ತು, ನಿಜ. ಆದರೆ ಬೇಡುವ ಜಂಗಮ ಅಲ್ಲಿ ಜಂಗಮನಾಗಿಯೇ ಉಳಿದಿದ್ದ.

ಮೂರನೆಯ ಅವತಾರ 2020ರ ಆಗಸ್ಟ್‌ನದು. ಗೌರಿ-ಗಣೇಶ ಹಬ್ಬದ ಹೊತ್ತಿಗೆ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಇದೇ ಪದವನ್ನು ಹೊಸ ತಾಳಕ್ಕೆ ಕೂರಿಸಿ ವಿಡಿಯೋ ಬಿಡುಗಡೆ ಮಾಡಿದರು. ನೋಡಿದವರ ಸಂಖ್ಯೆ ಏರುತ್ತಿದ್ದಂತೆಯೇ ಚಾಮರಾಜನಗರದ ಕಡೆಯಿಂದ ಆಕ್ಷೇಪವೂ ಏರಿತು. ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಲಾಗಿದೆ ಎಂಬುದು ಮಾದಪ್ಪನ ಭಕ್ತರ ದೂರು. ಶೆಟ್ಟಿ ಕ್ಷಮೆ ಕೇಳಿದರು. ವಿಡಿಯೋವನ್ನು ಯೂಟ್ಯೂಬ್‌ನಿಂದ ಹಿಂತೆಗೆಯಲಾಯಿತು.

ಈ ಪ್ರಸಂಗವನ್ನು ‘ಭಕ್ತರಿಗೆ ರ‍್ಯಾಪ್ ಹಿಡಿಸಲಿಲ್ಲ’ ಎಂದು ತಿಳಿದರೆ ತಪ್ಪಾಗುತ್ತದೆ. ಆಕ್ಷೇಪದ ತಿರುಳು ತಾಳದಲ್ಲಿರಲಿಲ್ಲ. ಶೀಲದ ಶಂಕೆಗೆ ಗುರಿಯಾಗಿ, ಆಣೆ ಇಡಲಾರೆನೆಂದು ಹಿಂಸೆ ತಿಂದ ಹೆಣ್ಣನ್ನು ಕಣ್ಣಿಗೆ ಹಬ್ಬವಾಗುವ ಬೊಂಬೆಯಂತೆ ನಿಲ್ಲಿಸಿದರೆ, ರಾಗ ಎಷ್ಟೇ ಸರಿಯಿದ್ದರೂ ಪದ ತಲೆಕೆಳಗಾಗುತ್ತದೆ. ಕಥೆ ಗೊತ್ತಿದ್ದವರಿಗೆ ಅದು ಕೂಡಲೇ ಕಂಡಿತು. ಕಥೆ ಗೊತ್ತಿಲ್ಲದವರಿಗೆ ಇಷ್ಟೊಂದು ಗಲಾಟೆ ಏಕೆಂದು ತಿಳಿಯಲೇ ಇಲ್ಲ.

ಮರುವರ್ಷ ಇದಕ್ಕೆ ಎದುರಾದ ಉದಾಹರಣೆಯೊಂದು ಬಂದಿತು. ಮಾದೇವನಿಗೆ ಹೂವೇರಿಸುವ ‘ಸೋಜುಗಾದ ಸೂಜುಮಲ್ಲಿಗೆ’ ಪದವನ್ನು ಅನನ್ಯಾ ಭಟ್ ಅವರ ಧ್ವನಿಯಲ್ಲಿ ಬಹಳ ಜನ ಕೇಳಿ ಮೆಚ್ಚಿದ್ದರು. 2021ರ ನವೆಂಬರಿನಲ್ಲಿ ತೆರೆಕಂಡ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ ಚಿತ್ರ ಅದೇ ಪದವನ್ನು ಚೈತ್ರಾ ಆಚಾರ್ ಅವರ ಧ್ವನಿಯಲ್ಲಿ ಬಳಸಿತು. ಮಂಗಳೂರಿನ ರೌಡಿಗಳ ಕಥೆ. ರಕ್ತ ಹರಿಯುವ ದೃಶ್ಯಗಳ ಮಗ್ಗುಲಲ್ಲಿ ಮಲೆಯ ಮಲ್ಲಿಗೆಯ ಪದ. ಕಾಗದದ ಮೇಲೆ ಓದಿದರೆ ಇದು ಕೋಲುಮಂಡೆಗಿಂತ ದೊಡ್ಡ ಅಪಚಾರವೆನಿಸಬೇಕು. ಆದರೆ ಹಾಗಾಗಲಿಲ್ಲ. ಪದದ ಭಕ್ತಿಯನ್ನು ಯಾರೂ ಮುಟ್ಟಿರಲಿಲ್ಲ. ಆ ಶುದ್ಧಿಯ ಎದುರು ಮನುಷ್ಯನ ಕ್ರೌರ್ಯ ಇನ್ನಷ್ಟು ಭೀಕರವಾಗಿ ಕಂಡಿತು. ಪದ ಹೊಸ ಜಾಗಕ್ಕೆ ಹೋಗಿಯೂ ತಾನೇ ಆಗಿ ಉಳಿಯಿತು.

ಮೂರು ಹಾಡು, ಮೂರು ಲೆಕ್ಕ

ಇನ್ನು ಕಾಸಿನ ಮಾತು. ಈ ಸೀಮೆಗೆ ನಂಟಿರುವ ಮೂರು ಬಗೆಯ ಹಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾಯ್ದೆಯ ಕಣ್ಣಿಗೆ ಅವು ಮೂರೂ ಬೇರೆ ಬೇರೆ.

ಮೊದಲನೆಯದು ಸಿನಿಮಾ ಹಾಡು. ಚಾಮರಾಜನಗರದ ಗಡಿಯಾಚೆ, ಈಗ ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ಗಾಜನೂರು ರಾಜ್‌ಕುಮಾರ್ ಅವರ ಊರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಎಮ್ಮೆಯ ಮೇಲೆ ಕುಳಿತು ಅವರು ಹಾಡಿದ ಹಾಡು, ನಟನನ್ನು ಗಾಯಕನನ್ನಾಗಿಯೂ ನೆಲೆಗೊಳಿಸಿತು. ಸಂಗೀತ ಜಿ.ಕೆ. ವೆಂಕಟೇಶ್, ಸಾಹಿತ್ಯ ಚಿ. ಉದಯಶಂಕರ್. ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ ಅರವತ್ತು ವರ್ಷ, ಅಂದರೆ 2034ರ ಕೊನೆಯವರೆಗೆ ಇರುತ್ತದೆ. ಆ ಮುದ್ರಣವನ್ನು ಕತ್ತರಿಸಿ ಹೊಸ ತಾಳ ಕೂಡಿಸುವವರು ಹಕ್ಕುದಾರರ ಒಪ್ಪಿಗೆ ಪಡೆಯಬೇಕು, ಹಣ ಕೊಡಬೇಕು.

ಎರಡನೆಯದು ಕವಿಯ ಪದ. ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಾದರೂ, ಅವರ ಮನೆತನದ ಹೆಸರಾದ ‘ಗುಂಡ್ಲು ಪಂಡಿತ’ದಲ್ಲಿ ಗುಂಡ್ಲುಪೇಟೆಯ ನೆನಪಿದೆ. ಕುಡುಕ ರತ್ನನ ಆ ಪದಗಳನ್ನು ಕಾಳಿಂಗರಾಯರು ಹಾಡಿದರು, ಮೈಸೂರು ಅನಂತಸ್ವಾಮಿ ಹಾಡಿದರು, ಇಂದಿನ ಹುಡುಗರೂ ಗಿಟಾರು ಹಿಡಿದು ಹಾಡುತ್ತಾರೆ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಕವಿ ತೀರಿದ ಮೇಲೆ ಅರವತ್ತು ವರ್ಷ ಕೃತಿಸ್ವಾಮ್ಯ ಉಳಿಯುವುದರಿಂದ 2039ರ ಕೊನೆಯವರೆಗೆ ಆ ಪದಗಳಿಗೆ ಹಕ್ಕುದಾರರಿದ್ದಾರೆ. ಕನ್ನಡ ಪುಸ್ತಕಗಳನ್ನು ಚೀಲದಲ್ಲಿ ತುಂಬಿ ತಾನೇ ಹೊತ್ತು ಮಾರಿದ ಮನುಷ್ಯ ರಾಜರತ್ನಂ. ಬರೆದವನಿಗೆ ಕಾಸು ಸಲ್ಲಬೇಕಾದ ದಾರಿ ಎಷ್ಟು ಕಷ್ಟದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೆಯದು ಮಾದಪ್ಪನ ಪದ. ಇದಕ್ಕೆ ಬರೆದವನ ಹೆಸರಿಲ್ಲ, ತೀರಿಕೊಂಡ ವರ್ಷವಿಲ್ಲ. ಆದ್ದರಿಂದ ಹಕ್ಕುದಾರನೂ ಇಲ್ಲ. ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಯಾರಿಗೂ ಏನೂ ಕೊಡಬೇಕಾಗಿಲ್ಲ. ವಿಚಿತ್ರವೆಂದರೆ, ಎತ್ತಿಕೊಂಡವನು ಮಾಡಿದ ಹೊಸ ಮುದ್ರಣಕ್ಕೆ ಮಾತ್ರ ಅರವತ್ತು ವರ್ಷದ ಹಕ್ಕು ಹುಟ್ಟುತ್ತದೆ. 1994ರ ತಿದ್ದುಪಡಿಯಿಂದ ಕಲಾವಿದನಿಗೂ ತನ್ನ ಪ್ರದರ್ಶನದ ಮೇಲೆ ಹಕ್ಕು ಬಂದಿದೆ. 2012ರಲ್ಲಿ ಅದು ಬಲಗೊಂಡಿದೆ. ಆದರೆ ಅದು ಧ್ವನಿ ಕೊಟ್ಟವನ ಹಕ್ಕು. ಪದವನ್ನು ನಾಲಿಗೆಯ ಮೇಲೆ ಕಾಪಾಡಿಕೊಂಡು ಬಂದ ಮೇಳಕ್ಕೆ, ಪರಂಪರೆಗೆ, ಕಾಯ್ದೆಯಲ್ಲಿ ಜಾಗವಿಲ್ಲ. ಚಿತ್ರದ ಹೆಸರುಪಟ್ಟಿಯಲ್ಲಿ ‘ಸಾಹಿತ್ಯ: ಜನಪದ’ ಎಂದು ಎರಡು ಮಾತು ಬಂದರೆ ಲೆಕ್ಕ ಚುಕ್ತಾ ಆದಂತೆ.

ಇದು ಚಾಮರಾಜನಗರದ ತೊಂದರೆ ಮಾತ್ರವಲ್ಲ. ಆಂಡಿಸ್ ಪರ್ವತದ ಧಾಟಿಯ ‘ಎಲ್ ಕಾಂಡೋರ್ ಪಾಸಾ’ ಎಂಬ ಹಾಡನ್ನು ಅಮೆರಿಕದ ಸೈಮನ್ ಮತ್ತು ಗಾರ್‌ಫಂಕಲ್ ಜೋಡಿ 1970ರಲ್ಲಿ ಹಾಡಿ ಜಗತ್ತಿಗೆಲ್ಲ ಮುಟ್ಟಿಸಿತು. ಜನಪದವೆಂದು ತಿಳಿದು ಎತ್ತಿಕೊಂಡದ್ದು. ಆದರೆ ಅದು ಪೆರುವಿನ ಡೇನಿಯಲ್ ಅಲೋಮಿಯಾ ರೋಬ್ಲೆಸ್ 1913ರಲ್ಲಿ ರಂಗಕೃತಿಯೊಂದಕ್ಕೆ ರಚಿಸಿದ ರಾಗವೆಂದು ಆಮೇಲೆ ತಿಳಿದುಬಂತು. ರೋಬ್ಲೆಸ್‌ನ ಮಗ ನ್ಯಾಯಾಲಯಕ್ಕೆ ಹೋದ ಮೇಲೆ ಆತನ ಹೆಸರೂ ಸೇರಿತು. ಹೆಸರಿದ್ದವನಿಗೆ ನ್ಯಾಯ ಸಿಕ್ಕಿತು. ಹೆಸರಿಲ್ಲದವರ ಪರವಾಗಿ ಬೊಲಿವಿಯಾ ಸರ್ಕಾರ 1973ರಲ್ಲಿ ಯುನೆಸ್ಕೊಗೆ ಪತ್ರ ಬರೆದು, ಜನಪದಕ್ಕೂ ರಕ್ಷಣೆ ಬೇಕೆಂದು ಕೇಳಿತು. 1982ರಲ್ಲಿ ಒಂದು ಮಾದರಿ ನಿಯಮಾವಳಿ ಸಿದ್ಧವಾಯಿತು. ಅದನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಯಾವ ದೇಶಕ್ಕೂ ಇಲ್ಲ.

ಕೊಳ್ಳುವವನ ಕೈಯಲ್ಲಿರುವುದು

ಹಾಗಾದರೆ ಹೊಸ ರೂಪಗಳನ್ನು ಕೊಳ್ಳಬೇಕೆ, ಬೇಡವೆ? ಈಗ ಕ್ಯಾಸೆಟ್ ಅಂಗಡಿಗಳು ಮುಚ್ಚಿಹೋಗಿವೆ. ತಿಂಗಳ ಚಂದಾ ಕಟ್ಟಿ ಕೇಳುವುದು, ಜಾಹೀರಾತು ಸಹಿಸಿಕೊಂಡು ಬಿಟ್ಟಿ ನೋಡುವುದು, ಟಿಕೆಟ್ ಕೊಂಡು ಕಾರ್ಯಕ್ರಮಕ್ಕೆ ಹೋಗುವುದು, ಇವೆಲ್ಲವೂ ಕೊಳ್ಳುವುದೇ. ಗುಂಡಿ ಒತ್ತಿದ ಪ್ರತಿ ಸಲವೂ ಎಲ್ಲೋ ಒಂದು ಲೆಕ್ಕಕ್ಕೆ ಕಾಸು ಸೇರುತ್ತದೆ.

ಕೊಳ್ಳಬಾರದೆಂಬ ಹಟಕ್ಕೆ ಚರಿತ್ರೆಯ ಬೆಂಬಲವಿಲ್ಲ. ‘ಜನುಮದ ಜೋಡಿ’ ಬಾರದಿದ್ದರೆ ಕೋಲುಮಂಡೆ ಮೈಸೂರಿನಾಚೆ ಅಷ್ಟು ದೂರ ಹೋಗುತ್ತಿರಲಿಲ್ಲ. ‘ಸೋಜುಗಾದ’ ಪದವನ್ನು ಹೊಸ ಧ್ವನಿಯಲ್ಲಿ ಕೇಳಿದ ಎಷ್ಟೋ ಹುಡುಗ ಹುಡುಗಿಯರು ಮೊದಲ ಬಾರಿಗೆ ಮಾದಪ್ಪ ಯಾರೆಂದು ಕೇಳಿದರು. ಬಾಗಿಲು ತೆರೆಯುವ ಹೊಸ ರೂಪಕ್ಕೆ ಕೊಟ್ಟ ಕಾಸು ದಂಡವಲ್ಲ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಹೋಗದಿದ್ದರೆ ಕೈಗೆ ಬರುವುದು ರಾಗದ ಸಿಪ್ಪೆ ಮಾತ್ರ. ನಾಲ್ಕು ನಿಮಿಷದ ಹಾಡಿನಲ್ಲಿ ಸಂಕಮ್ಮ ಇರುವುದಿಲ್ಲ. ಅವಳು ರಾತ್ರಿಯಿಡೀ ನಡೆಯುವ ಸಾಲಿನಲ್ಲಿದ್ದಾಳೆ. 2020ರ ಗಲಾಟೆ ತೋರಿಸಿಕೊಟ್ಟದ್ದು ಇದನ್ನೇ. ಹಾಡಿದವರಿಗೂ ನೋಡಿದವರಿಗೂ ಕಥೆ ಗೊತ್ತಿದ್ದರೆ ಆ ವಿಡಿಯೋ ಆ ರೂಪದಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಆದ್ದರಿಂದ ಹೊಸ ರೂಪವೊಂದನ್ನು ತೂಗಿ ನೋಡಲು ಎರಡು ಪ್ರಶ್ನೆ ಸಾಕು. ಪದ ಹೇಳಬೇಕಾದ ಸಂಗತಿ ಅದರಲ್ಲಿ ಉಳಿದಿದೆಯೇ? ಪದವನ್ನು ಯಾರಿಂದ ಕಲಿತರೋ ಆ ಗಾಯಕನ, ಆ ಊರಿನ ಹೆಸರು ಎಲ್ಲಿಯಾದರೂ ಕಾಣುತ್ತದೆಯೇ? ಎರಡನೆಯದಕ್ಕೆ ಕಾಯ್ದೆ ಒತ್ತಾಯ ಮಾಡುವುದಿಲ್ಲ. ಮಾಡಬೇಕಾದವರು ಕೇಳುವವರು. ಸಂಗೀತ ನಿರ್ದೇಶಕನೊಬ್ಬ ‘ಜನಪದ’ ಎಂಬ ಒಂದು ಮಾತಿನ ಬದಲು ಕಲಿಸಿದವರ ಹೆಸರು ಹಾಕಿ, ಒಂದು ಪಾಲು ಕೊಟ್ಟರೆ ಹಾಡಿನ ಇಂಪಿಗೆ ಕೊರತೆಯೇನೂ ಬರುವುದಿಲ್ಲ.

ಇನ್ನೊಂದು ದಾರಿ ಇದಕ್ಕಿಂತ ಹಳೆಯದು. ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ನೀಲಗಾರರು ಸೇರುತ್ತಾರೆ. ಶಿವರಾತ್ರಿಗೆ, ದೀಪಾವಳಿಗೆ ಮಹದೇಶ್ವರ ಬೆಟ್ಟದಲ್ಲಿ ಕಂಸಾಳೆ ಕೇಳಿಸುತ್ತದೆ. ಅಲ್ಲಿ ಕುಳಿತು ಒಂದು ಸಾಲನ್ನಾದರೂ ಪೂರ್ತಿ ಕೇಳಿ, ಗಾಯಕನ ಜೋಳಿಗೆಗೆ ನೋಟು ಹಾಕಿ ಎದ್ದುಬಂದವನಿಗೆ ರೀಮಿಕ್ಸ್ ಕೊಳ್ಳಬೇಕೋ ಬೇಡವೋ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಒಂದು ಕಡೆ ಮಾತ್ರ, ಹಾಡಿನ ಬೆಲೆ ಇಂದಿಗೂ ನೇರ ಹಾಡಿದವನ ಕೈಗೇ ಹೋಗುತ್ತದೆ.